ಒಂದೂವರೆ ವರ್ಷದ ಮಗುವಿಗೆ ಡೇ ಕೇರ್ ಹುಡುಕುವಾಗ ಏನು ನೋಡಬೇಕು?

ಬೆಂಗಳೂರಿನಲ್ಲಿ ಒಂದೂವರೆ ವರ್ಷದ ಮಗಳಿಗೆ ಡೇ ಕೇರ್ ಹುಡುಕುತ್ತಿದ್ದೀರಿ, ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಸಿಸಿಟಿವಿ ಇರುವ ದೊಡ್ಡ ಬ್ರ್ಯಾಂಡಿನದ್ದು ಒಳ್ಳೆಯದಾ, ಪಕ್ಕದ ರಸ್ತೆಯಲ್ಲಿ ಒಬ್ಬರು ಮನೆಯಲ್ಲೇ ನಡೆಸುವುದು ಒಳ್ಳೆಯದಾ ಅಂತ ಕೇಳಿದ್ದೀರಿ. ಮನೆ ಹತ್ತಿರ ಇರಬೇಕಾ ಆಫೀಸ್ ಹತ್ತಿರ ಇರಬೇಕಾ ಅನ್ನೋದು ಇನ್ನೊಂದು ಪ್ರಶ್ನೆ.

ನಾನು ಮೈಸೂರಿನ ಒಂದು ಡೇ ಕೇರ್‌ನಲ್ಲಿ ಕೆಲವು ವರ್ಷ ಟೀಚರ್ ಆಗಿದ್ದೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನನ್ನ ಮಗನೂ ಡೇ ಕೇರ್‌ನಲ್ಲೇ ಬೆಳೆದ. ಎರಡೂ ಕಡೆಯಿಂದ ನೋಡಿದವಳಾಗಿ ಹೇಳುತ್ತೇನೆ: ಮಗುವನ್ನು ದಿನವಿಡೀ ಎತ್ತಿ ಇಳಿಸುವ ಆಯಮ್ಮ ಯಾರು ಅಂತ ಮೊದಲು ನೋಡಿ. ಬ್ರ್ಯಾಂಡು, ಬಣ್ಣ, ಕ್ಯಾಮೆರಾ ಎಲ್ಲ ಆಮೇಲೆ.

ನೀವು ವಿಚಾರಿಸಲು ಹೋದಾಗ ಮಾತಾಡುವುದು ಓನರ್ ಅಥವಾ ಮ್ಯಾನೇಜರ್. ಚೆನ್ನಾಗೇ ಮಾತಾಡುತ್ತಾರೆ. ಆಟದ ಸಾಮಾನು ತೋರಿಸುತ್ತಾರೆ, ಸಿಲಬಸ್ ಹೇಳುತ್ತಾರೆ. ಆದರೆ ನಿಮ್ಮ ಮಗಳ ಮೂಗು ಒರೆಸುವವರು, ಡೈಪರ್ ಬದಲಾಯಿಸುವವರು, ತಟ್ಟಿ ಮಲಗಿಸುವವರು ಅವರಲ್ಲ. ದೊಡ್ಡ ಹೆಸರಿನ ಡೇ ಕೇರ್‌ಗಳಲ್ಲಿ ಎಷ್ಟೋ ಫ್ರಾಂಚೈಸಿಗಳು. ಬೋರ್ಡು ಒಂದೇ ಇದ್ದರೂ ಒಳಗಿನ ಜನ, ಅವರ ಸಂಬಳ, ಅಲ್ಲಿನ ಶಿಸ್ತು ಎಲ್ಲ ಆ ಬ್ರಾಂಚ್ ನಡೆಸುವವರ ಕೈಯಲ್ಲಿರುತ್ತದೆ. ಹಾಗಾಗಿ ನಿಮ್ಮ ಗೆಳತಿಯ ಏರಿಯಾದಲ್ಲಿ ಚೆನ್ನಾಗಿದೆ ಅಂದ ಮಾತ್ರಕ್ಕೆ ನಿಮ್ಮ ಏರಿಯಾದಲ್ಲೂ ಹಾಗೇ ಇರುತ್ತೆ ಅಂತ ನಂಬಬೇಡಿ.

"ನನ್ನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಅವರನ್ನು ಒಂದು ಸಲ ಮಾತಾಡಿಸಬಹುದಾ?" ಅಂತ ನೇರವಾಗಿ ಕೇಳಿ. ಎಷ್ಟು ದಿನದಿಂದ ಅಲ್ಲಿದ್ದಾರೆ ಅಂತ ಅವರನ್ನೇ ಕೇಳಿ. ಈ ಕೆಲಸದಲ್ಲಿ ಸಂಬಳ ಕಡಿಮೆ, ದುಡಿಮೆ ಜಾಸ್ತಿ. ಸ್ವಲ್ಪ ಹೆಚ್ಚು ಸಿಕ್ಕ ಕಡೆ ಹೊರಟುಬಿಡುತ್ತಾರೆ, ಅದು ಅವರ ತಪ್ಪೂ ಅಲ್ಲ. ಆದರೆ ಈ ವಯಸ್ಸಿನ ಮಗುವಿಗೆ ಒಂದು ಮುಖ ಒಗ್ಗುವುದಕ್ಕೇ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಇನ್ನೊಬ್ಬರು ಬಂದರೆ ಅಳು ಮತ್ತೆ ಮೊದಲಿಂದ ಶುರು. ಒಬ್ಬರೇ ಆಯಮ್ಮ ಎರಡು ಮೂರು ವರ್ಷದಿಂದ ಇದ್ದಾರೆ ಅಂದರೆ ಆ ಜಾಗ ಕೆಲಸದವರನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದೆ. ಅಂಥ ಕಡೆ ಮಕ್ಕಳೂ ಚೆನ್ನಾಗಿರುವುದನ್ನು ನಾನು ಕಂಡಿದ್ದೇನೆ.

ಇನ್ನು ನೋಡಲು ಹೋಗುವ ಹೊತ್ತು. ಬೆಳಿಗ್ಗೆ ಹತ್ತಕ್ಕೆ ಹೋದರೆ ಎಲ್ಲ ಕಡೆಯೂ ಚಂದವೇ. ಮಕ್ಕಳು ಫ್ರೆಶ್ ಆಗಿರುತ್ತಾರೆ, ರೈಮ್ಸ್ ನಡೆಯುತ್ತಿರುತ್ತದೆ. ಹನ್ನೆರಡರಿಂದ ಎರಡು ಗಂಟೆಯೊಳಗೆ ಹೋಗಿ. ಅದು ಊಟ, ಪೊಟ್ಟಿ, ನಿದ್ದೆ ಮೂರೂ ಒಟ್ಟಿಗೆ ಬರುವ ಹೊತ್ತು. ನಿಜ ಕಾಣುವುದು ಆಗಲೇ.

ನಾನಿದ್ದ ಕಡೆ ಒಬ್ಬ ಆಯಮ್ಮ ಇದ್ದರು. ಊಟಕ್ಕೆ ಮೊದಲು ಎಲ್ಲ ಮಕ್ಕಳ ಕೈ ತೊಳೆಸಿ, ತಾವೂ ತೊಳೆದುಕೊಂಡು ನೆಲದ ಮೇಲೆ ಕೂರುತ್ತಿದ್ದರು. ಅನ್ನಕ್ಕೆ ಸಾರು ಹಾಕಿ, ಅಗುಳು ಉಳಿಯದ ಹಾಗೆ ಬೆರಳಲ್ಲೇ ಹಿಸುಕುತ್ತಿದ್ದರು. ಒಂದು ಚೂರು ತಮ್ಮ ಮುಂಗೈ ಮೇಲೆ ಇಟ್ಟು ಬಿಸಿ ನೋಡಿ, ಆಮೇಲೆ ಮಗುವಿನ ಬಾಯಿ ಹತ್ತಿರ ತಂದು ಸುಮ್ನೆ ಕಾಯುತ್ತಿದ್ದರು. ಮಗು ತಾನೇ ಬಾಯಿ ತೆರೆಯಬೇಕು. ಮುಖ ತಿರುಗಿಸಿದರೆ ಚಮಚ ಅದರ ಕೈಗೇ ಕೊಟ್ಟು ಪಕ್ಕದ ಮಗುವಿಗೆ ತಿನ್ನಿಸುತ್ತಿದ್ದರು. ಅದು ಅರ್ಧ ನೆಲಕ್ಕೆ ಚೆಲ್ಲಿ ಅರ್ಧ ತಿನ್ನುತ್ತಿತ್ತು. ಬೇರೆ ಕಡೆ ನಾನು ಕಂಡದ್ದೂ ಇದೆ: ಒಂದೇ ತಟ್ಟೆ, ಒಂದೇ ಚಮಚ, ಸಾಲಾಗಿ ಕೂತ ಐದಾರು ಮಕ್ಕಳ ಬಾಯಿಗೆ ತುರುಕುತ್ತಾ ಹೋಗುವುದು, ಎದುರಿಗೆ ಟಿವಿ. ಹತ್ತು ನಿಮಿಷ ಮೂಲೆಯಲ್ಲಿ ಕೂತರೆ ಈ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಆ ಹೊತ್ತಿಗೆ ಒಳಗೆ ಬಿಡುವುದೇ ಇಲ್ಲ ಅಂದರೆ ಏನು ಮಾಡುವುದು? ಮಲಗುವ ಮಕ್ಕಳಿಗೆ ತೊಂದರೆ ಆಗುತ್ತೆ ಅನ್ನುವುದು ನ್ಯಾಯವೇ. ಬಾಗಿಲಿಂದ ನೋಡುತ್ತೇನೆ ಅನ್ನಿ. ಅದಕ್ಕೂ ಒಪ್ಪದಿದ್ದರೆ ನಾನಾಗಿದ್ದರೆ ಅಲ್ಲಿ ಸೇರಿಸುವುದಿಲ್ಲ.

ಒಬ್ಬರ ಕೈಗೆ ಎಷ್ಟು ಮಕ್ಕಳು ಅಂತ ಕೇಳಲೇಬೇಕು. ಎರಡು ವರ್ಷದೊಳಗಿನ ಮಕ್ಕಳಾದರೆ ಒಬ್ಬರಿಗೆ ನಾಲ್ಕು, ತೀರಾ ಅಂದರೆ ಐದು. ಅದಕ್ಕಿಂತ ಜಾಸ್ತಿಯಾದರೆ ಎಷ್ಟೇ ಒಳ್ಳೆಯ ಮನಸ್ಸಿನವರಿಗೂ ಆಗುವುದಿಲ್ಲ. ಒಬ್ಬರು ಡೈಪರ್ ಬದಲಾಯಿಸಲು ಒಳಗೆ ಹೋದಾಗ ಹೊರಗೆ ಯಾರಿರುತ್ತಾರೆ ಅಂತಲೂ ಕೇಳಿ.

ಸಿಸಿಟಿವಿ ಇದ್ದರೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಮೀಟಿಂಗ್ ನಡುವೆ ಫೋನಿನಲ್ಲಿ ಇಣುಕಿ ನೋಡಿದಾಗ ಕಾಣುವುದು ತುಂಬಾ ಕಡಿಮೆ. ಮಗು ಅಳುತ್ತಿರುವುದು ಕಾಣುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ. ನಿಮಗೆ ಕೆಲಸ ಮಾಡಲೂ ಆಗುವುದಿಲ್ಲ. ನಿಮ್ಮ ಮಗುವಿನ ವಿಡಿಯೋ ಇನ್ನೂ ಯಾರ್ಯಾರ ಫೋನಿಗೆ ಹೋಗುತ್ತಿದೆ ಅನ್ನೋದನ್ನೂ ವಿಚಾರಿಸಿ.

ಮನೆ ಹತ್ತಿರವಾ ಆಫೀಸ್ ಹತ್ತಿರವಾ? ಜ್ವರ ಬಂದಿದೆ ಅಂತ ಫೋನ್ ಬಂದರೆ ಅರ್ಧ ಗಂಟೆಯೊಳಗೆ ಯಾರು ತಲುಪಬಹುದು, ಅವರ ಹತ್ತಿರ ಇರಲಿ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರಬೇಕಾದವರು ಮನೆ ಪಕ್ಕದ ಡೇ ಕೇರ್ ನೆಚ್ಚಿಕೊಂಡರೆ ದಿನಾ ಎದೆ ಡವಡವ. ಅಜ್ಜಿ ತಾತನೋ, ಬೇಕಾದ ಪಕ್ಕದ ಮನೆಯವರೋ ಇದ್ದರೆ ಮನೆ ಹತ್ತಿರವೇ ಒಳ್ಳೆಯದು. ಮಗುವಿಗೂ ಟ್ರಾಫಿಕ್ಕಿನಲ್ಲಿ ಒದ್ದಾಡುವುದು ತಪ್ಪುತ್ತದೆ.

ಇನ್ನೊಂದು ವಿಷಯ ತುಂಬಾ ಜನ ಕೇಳುವುದೇ ಇಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿಯಾಗಿ 26 ವಾರ ರಜೆ ಬಂದದ್ದು ಎಲ್ಲರಿಗೂ ನೆನಪಿದೆ. ಅದರ ಜೊತೆಗೇ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ಬಿಡಲು ಕ್ರೆಷ್ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರಬಹುದು ಅಂತಲೂ ಬಂತು. ನಿಮ್ಮ ಎಚ್‌ಆರ್‌ಗೆ ಇವತ್ತೇ ಒಂದು ಮೇಲ್ ಹಾಕಿ. ಆಫೀಸಿನಲ್ಲೇ ಇಲ್ಲದಿದ್ದರೂ ಯಾವುದೋ ಡೇ ಕೇರ್ ಜೊತೆ ಒಪ್ಪಂದ ಇರಬಹುದು. ನಾವು ಕೇಳದೇ ಇದ್ದರೆ ಅವರಾಗಿ ಹೇಳುವುದು ಅಪರೂಪ.

ಕಾಯಿಲೆಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮೊದಲ ಕೆಲವು ತಿಂಗಳು ನೆಗಡಿ, ಕೆಮ್ಮು, ಜ್ವರ ಒಂದರ ಹಿಂದೆ ಒಂದು ಬರುತ್ತವೆ. ಕೈ ಕಾಲು ಬಾಯಿಯಲ್ಲಿ ಗುಳ್ಳೆ ಏಳುವ ಹ್ಯಾಂಡ್ ಫೂಟ್ ಮೌತ್ ಕೂಡ ಮಕ್ಕಳಿಂದ ಮಕ್ಕಳಿಗೆ ಬೇಗ ಹರಡುತ್ತದೆ. ಡೇ ಕೇರ್ ಕೆಟ್ಟದ್ದು ಅಂತ ಅಲ್ಲ, ಹತ್ತು ಮಕ್ಕಳು ಸೇರಿದ ಕಡೆ ಇದು ಇದ್ದದ್ದೇ. ಜ್ವರ ಇದ್ದರೆ ಕರೆದುಕೊಂಡು ಬರಬೇಡಿ ಅಂತ ಖಡಾಖಂಡಿತವಾಗಿ ಹೇಳುವ ಕಡೆಯೇ ಸೇರಿಸಿ. ಆವತ್ತು ನಿಮಗೆ ಕಷ್ಟ ಆಗುತ್ತದೆ, ಸಿಟ್ಟೂ ಬರುತ್ತದೆ. ಆದರೆ ಬೇರೆ ಮಕ್ಕಳ ಜ್ವರದಿಂದ ನಿಮ್ಮ ಮಗಳನ್ನು ಕಾಯುವುದೂ ಅದೇ ನಿಯಮ ಅಲ್ವಾ? ಆ ದಿನಗಳಲ್ಲಿ ಇಬ್ಬರಲ್ಲಿ ಯಾರು ರಜೆ ಹಾಕುವುದು ಅಂತ ಈಗಲೇ ಮಾತಾಡಿಕೊಳ್ಳಿ.

ಎಬಿಸಿಡಿ ಕಲಿಸುತ್ತೇವೆ ಅನ್ನುವುದಕ್ಕೆ ಬೆಲೆ ಕೊಡಬೇಡಿ. ಈ ವಯಸ್ಸಿಗೆ ಬೇಕಾಗಿರುವುದು ಮಡಿಲು, ಮಾತು, ಮಣ್ಣು.

ಕೆಲಸಕ್ಕೆ ಮರಳುವ ದಿನವೇ ಸೇರಿಸಬೇಡಿ. ಎರಡು ಮೂರು ವಾರ ಮೊದಲೇ ಶುರು ಮಾಡಿ. ಮೊದಲು ನೀವೂ ಜೊತೆಗೆ ಒಂದು ಗಂಟೆ ಇರಿ, ಆಮೇಲೆ ಅವಳೊಬ್ಬಳೇ ಒಂದು ಗಂಟೆ, ಆಮೇಲೆ ಊಟದ ತನಕ, ಕೊನೆಗೆ ನಿದ್ದೆ. ಅವಳು ನೀರಿಗೆ, ಊಟಕ್ಕೆ, ಕಕ್ಕಕ್ಕೆ ಏನಂತಾಳೆ ಅಂತ ಒಂದು ಹಾಳೆಯಲ್ಲಿ ಬರೆದು ಆಯಮ್ಮನ ಕೈಗೆ ಕೊಡಿ. ಅವಳ ಕಣ್ಣು ತಪ್ಪಿಸಿ ಮಾತ್ರ ಹೊರಡಬೇಡಿ. "ಅಮ್ಮ ಆಫೀಸಿಗೆ ಹೋಗಿ ಬರ್ತೀನಿ, ನೀನು ಮಲಗಿ ಎದ್ದ ಮೇಲೆ ಬರ್ತೀನಿ" ಅಂತ ಹೇಳಿಯೇ ಹೋಗಿ. ಅಳುತ್ತಾಳೆ, ಅಳಲಿ. ಐದು ನಿಮಿಷ ಬಿಟ್ಟು ಫೋನ್ ಮಾಡಿ ಕೇಳಿ, ಬಹುತೇಕ ಮಕ್ಕಳು ಅಷ್ಟರಲ್ಲಿ ಸುಮ್ಮನಾಗಿರುತ್ತವೆ. ತಿಂಗಳು ಕಳೆದರೂ ಆಯಮ್ಮನ ಕೈಗೆ ಹೋಗಲು ಒಪ್ಪದೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಕಟ್ಟಿದ ಅಡ್ಮಿಷನ್ ಫೀ ಹೋದರೆ ಹೋಗಲಿ ಅಂತ ಬಿಡಿಸಿ ಬೇರೆ ನೋಡಿ.