ಗಣಿತ, ವಿಜ್ಞಾನದ ಪದಗಳನ್ನು ಬರೀ ಬಾಯಿಪಾಠ ಮಾಡಿಸುವ ಬದಲು ಮನೆಯಲ್ಲಿ ಏನು ಮಾಡಿಸಬಹುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಮಗಳು ಕೋಲಾರದಲ್ಲಿ ಇಂಗ್ಲಿಷ್ ಮಾಧ್ಯಮದ 4ನೇ ತರಗತಿ. ಪ್ರತಿ ವಾರ ಗಣಿತ ಮತ್ತು ಪರಿಸರ ವಿಷಯದ 20 ಪದ ಕೊಡುತ್ತಾರೆ, ಅರ್ಥದ ಸಮೇತ ಐದೈದು ಸಲ ಬರೆಯಬೇಕು. ಬರೆಯುತ್ತಾಳೆ, ಪಟಪಟ ಒಪ್ಪಿಸುತ್ತಾಳೆ. ಅದೇ ಪದ ಲೆಕ್ಕದೊಳಗೆ ಬಂದರೆ ಮಾತ್ರ ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಾಳೆ. ಮನೆಯಲ್ಲಿ ಮಾತಾಡುವುದು ತೆಲುಗು, ಹೋಂವರ್ಕ್ ನೋಡುವುದು ನಿಮ್ಮ ಮನೆಯವರು, ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಟ್ಯೂಷನ್‌ಗೆ ಹಾಕಬೇಕಾ ಅಂತ ಕೇಳಿದ್ದೀರಿ.

ನಾನು ಶಿಡ್ಲಘಟ್ಟದ ಕಡೆ ಪ್ರಾಥಮಿಕ ಶಾಲೆಯಲ್ಲಿ 4 ಮತ್ತು 5ನೇ ತರಗತಿಗೆ ಪಾಠ ಮಾಡುತ್ತೇನೆ. ನಮ್ಮ ಮಕ್ಕಳೂ ಹೀಗೇ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇನ್ನೊಂದು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮನೆಯವರಿಗೆ ಇಂಗ್ಲಿಷ್ ಬರದಿದ್ದರೆ ಏನೂ ತೊಂದರೆ ಇಲ್ಲ. ಅವರು ಮಗಳಿಗೆ "ಇದರ ಅರ್ಥ ಏನು, ಒಪ್ಪಿಸು" ಅನ್ನುವ ಬದಲು "ತೋರಿಸು" ಅಂದರೆ ಸಾಕು. ಒಪ್ಪಿಸಿದ್ದು ಸರಿಯಾ ತಪ್ಪಾ ಅಂತ ಹೇಳಲು ಇಂಗ್ಲಿಷ್ ಬೇಕು. ತೋರಿಸಿದ್ದನ್ನು ನೋಡಲು ಕಣ್ಣಿದ್ದರೆ ಆಯಿತು.

ಗಣಿತದಿಂದ ಶುರು ಮಾಡೋಣ, ಏಕೆಂದರೆ ಅಲ್ಲೇ ಜಾಸ್ತಿ ಮಕ್ಕಳು ಎಡವುವುದು. ಎಲ್ಲರೂ ದೊಡ್ಡ ಪದಗಳಿಗೆ ಹೆದರುತ್ತಾರೆ. ನ್ಯೂಮರೇಟರ್, ಡಿನಾಮಿನೇಟರ್, ಪೆರಿಮೀಟರ್. ನಾನು ನೋಡಿದ ಹಾಗೆ ಇವುಗಳಿಂದ ಅಷ್ಟು ಕಷ್ಟವಿಲ್ಲ. ಕೇಳಲು ವಿಚಿತ್ರವಾಗಿರುತ್ತವೆ, ಅದಕ್ಕೇ ಮಕ್ಕಳು ಗಮನ ಕೊಡುತ್ತಾರೆ. ಲೆಕ್ಕ ಕೆಡಿಸುವುದು ಸಣ್ಣ ಪದಗಳು. ಈಚ್, ಲೆಫ್ಟ್, ಮೋರ್ ದ್ಯಾನ್, ಅಟ್ ಲೀಸ್ಟ್, ಈಕ್ವಲಿ. ಕನ್ನಡದಲ್ಲಾದರೆ ತಲಾ, ಉಳಿದ, ಗಿಂತ, ಕನಿಷ್ಠ, ಸಮನಾಗಿ. ಇವು ಯಾವ ಶಾಲೆಯ ಪದಪಟ್ಟಿಯಲ್ಲೂ ಇರುವುದಿಲ್ಲ, ಗೊತ್ತಿರುತ್ತದೆ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಒಂದು ಲೆಕ್ಕ ಕೊಟ್ಟು ನೋಡಿ. "ಒಂದು ಬುಟ್ಟಿಯಲ್ಲಿ 12 ಮಾವಿನ ಹಣ್ಣಿವೆ. ಇದು ಪಕ್ಕದ ಬುಟ್ಟಿಗಿಂತ 5 ಜಾಸ್ತಿ. ಪಕ್ಕದ ಬುಟ್ಟಿಯಲ್ಲಿ ಎಷ್ಟು?" ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು 17 ಅನ್ನುತ್ತಾರೆ. ಜಾಸ್ತಿ ಅಂತ ಕಂಡ ತಕ್ಷಣ ಕೂಡಿಬಿಡುತ್ತಾರೆ. "ಮೋರ್ ಅಂದರೆ ಪ್ಲಸ್, ಲೆಸ್ ಅಂದರೆ ಮೈನಸ್" ಅಂತ ಗೈಡ್‌ಗಳಲ್ಲೂ ಟ್ಯೂಷನ್‌ಗಳಲ್ಲೂ ಹೇಳಿಕೊಡುತ್ತಾರಲ್ಲ, ಅದರ ಫಲ ಇದು. ದಯವಿಟ್ಟು ಮನೆಯಲ್ಲಿ ಅದನ್ನು ಹೇಳಿಕೊಡಬೇಡಿ. ಎರಡು ತಟ್ಟೆ ಇಟ್ಟು, ಹುಣಸೆ ಬೀಜದಲ್ಲಿ ಲೆಕ್ಕವನ್ನು ತೋರಿಸಲು ಹೇಳಿ. 12 ಬೀಜ ಯಾವ ತಟ್ಟೆಗೆ ಹೋಗುತ್ತದೆ, ಯಾವುದು ದೊಡ್ಡ ರಾಶಿ ಅಂತ ಅವಳೇ ಜೋಡಿಸಲಿ. 7 ಅಂತ ತಾನಾಗೇ ಬರುತ್ತದೆ.

ಇನ್ನೊಂದು ನನ್ನ ಮೆಚ್ಚಿನ ಲೆಕ್ಕ, ನಿಮ್ಮೂರಿನದೇ. ಕೋಲಾರದ ಮಂಡಿಗೆ ಟೊಮೆಟೊ ಹೋಗುವ ಬಾಕ್ಸ್ 15 ಕೆಜಿಯದು, ಅಲ್ವಾ? ತೋಟದಲ್ಲಿ 100 ಕೆಜಿ ಹಣ್ಣು ಕಿತ್ತಿದ್ದಾರೆ ಅನ್ನಿ. ಈಗ ಮೂರು ಪ್ರಶ್ನೆ. ಪೂರ್ತಿ ತುಂಬಿದ ಬಾಕ್ಸ್ ಎಷ್ಟು? ಉಳಿದ ಹಣ್ಣು ಎಷ್ಟು ಕೆಜಿ? ಒಂದು ಹಣ್ಣೂ ಬಿಡದೆ ಕಳಿಸಬೇಕಾದರೆ ಕನಿಷ್ಠ ಎಷ್ಟು ಬಾಕ್ಸ್ ಬೇಕು? ಉತ್ತರ 6, 10, 7. ಮಾಡಿದ ಭಾಗಾಕಾರ ಒಂದೇ, 100 ಭಾಗಿಸು 15. ಉತ್ತರ ಬದಲಾಗಿದ್ದು "ಪೂರ್ತಿ", "ಉಳಿದ", "ಕನಿಷ್ಠ" ಅನ್ನುವ ಮೂರು ಪದಗಳಿಂದ. ಇಂಥ ಒಂದು ಲೆಕ್ಕ ರಾತ್ರಿ ಊಟದ ಹೊತ್ತಿಗೆ ಬಾಯಲ್ಲೇ ಮಾಡಿಸಿದರೆ ನೂರು ಸಾಲು ಬರೆಸುವುದಕ್ಕಿಂತ ಉಪಯೋಗ. ತೆಲುಗಿನಲ್ಲೇ ಕೇಳಿ. "ಎಂತ ಮಿಗಿಲಿಂದಿ" (ಎಷ್ಟು ಉಳಿಯಿತು) ಅಂತ ಕೇಳಿದರೆ ಉತ್ತರ ಹೇಳುವ ಮಗುವಿಗೆ ಶೇಷ ಏನು ಅಂತ ಗೊತ್ತೇ ಇದೆ. ಅದಕ್ಕೆ ಪುಸ್ತಕದಲ್ಲಿ ರಿಮೈಂಡರ್ ಅನ್ನುತ್ತಾರೆ ಅಂತ ಕೊನೆಗೆ ಹೇಳಿದರಾಯಿತು.

ಆಮೇಲೆ ಉಲ್ಟಾ ಮಾಡಿಸಿ. ಪದ ನೀವು ಕೊಡಿ, ಲೆಕ್ಕ ಅವಳು ಕಟ್ಟಲಿ. "ತಲಾ ಅನ್ನುವ ಪದ ಬರಬೇಕು, ಉತ್ತರ 24 ಬರಬೇಕು" ಅಂತ ಹೇಳಿ ನೋಡಿ. ಮೊದಮೊದಲು ಅಸಂಬದ್ಧವಾಗಿ ಕಟ್ಟುತ್ತಾರೆ. ನಮ್ಮ ತರಗತಿಯ ಒಬ್ಬ ಹುಡುಗ "ತಲಾ 6 ಕಾಲಿನ 4 ಹಸು" ಅಂತ ಬರೆದಿದ್ದ. ಹಸು ತಪ್ಪಿರಬಹುದು, ತಲಾ ಸರಿಯಿತ್ತು. ನಾನು ಪೂರ್ತಿ ಅಂಕ ಕೊಟ್ಟೆ.

ಪೆರಿಮೀಟರ್ ಮತ್ತು ಏರಿಯಾ, ಅಂದರೆ ಸುತ್ತಳತೆ ಮತ್ತು ವಿಸ್ತೀರ್ಣ, ಇವೆರಡನ್ನೂ ಅದಲುಬದಲು ಮಾಡದ ಮಗು ಅಪರೂಪ. ಸೂತ್ರ ಬಾಯಿಪಾಠ ಆದಮೇಲಂತೂ ಇನ್ನೂ ಜಾಸ್ತಿ. ಇದಕ್ಕೆ ಬೇಕಿರುವುದು 12 ಬೆಂಕಿಕಡ್ಡಿ. ಗೀಚುವ ತುದಿ ಮುರಿದು ಕೊಡಿ. ಹನ್ನೆರಡನ್ನೂ ಬಳಸಿ ಆಯತ ಮಾಡಲು ಹೇಳಿ. ಉದ್ದ 5 ಕಡ್ಡಿ, ಅಗಲ 1 ಇಟ್ಟರೆ ಒಳಗೆ 5 ಚೌಕ ಕೂರುತ್ತವೆ. 4 ಮತ್ತು 2 ಇಟ್ಟರೆ 8 ಚೌಕ. 3 ಮತ್ತು 3 ಇಟ್ಟರೆ 9. ಕಡ್ಡಿ ಪ್ರತಿ ಸಲವೂ ಹನ್ನೆರಡೇ. ಸುತ್ತ ಇಟ್ಟ ಕಡ್ಡಿ ಸುತ್ತಳತೆ, ಒಳಗಿನ ಚೌಕ ವಿಸ್ತೀರ್ಣ. "ಕಡ್ಡಿ ಅಷ್ಟೇ ಇದ್ದರೂ ಜಾಗ ಯಾಕೆ ಜಾಸ್ತಿ ಆಯಿತು" ಅಂತ ಮಗು ತಲೆ ಕೆರೆದುಕೊಂಡರೆ ಸುಮ್ನೆ ಬಿಟ್ಟುಬಿಡಿ, ಉತ್ತರ ಹೇಳಬೇಡಿ. ಮಾರನೇ ದಿನ ನಿಮ್ಮ 30-40 ಸೈಟಿನ ಮಾತು ತೆಗೆಯಿರಿ. ಕಾಂಪೌಂಡ್ ಹಾಕಲು 140 ಅಡಿ, ಜಾಗ 1200 ಚದರ ಅಡಿ. ಕಾಂಪೌಂಡ್ ಕೆಲಸದವರು ಯಾವುದಕ್ಕೆ ದುಡ್ಡು ಕೇಳುತ್ತಾರೆ, ಟೈಲ್ಸ್ ಹಾಕುವವರು ಯಾವುದಕ್ಕೆ ಕೇಳುತ್ತಾರೆ ಅಂತ ಅವಳನ್ನೇ ಕೇಳಿ.

ಇನ್ನು ವಿಜ್ಞಾನ. 5ನೇ ತರಗತಿವರೆಗೆ ರಾಜ್ಯ ಪಠ್ಯದಲ್ಲಿ ಇರುವುದು ಪರಿಸರ ಅಧ್ಯಯನ. ವಿಜ್ಞಾನ ಅಂತ ಬೇರೆ ಪುಸ್ತಕ ಬರುವುದು 6ರಿಂದ. ಆದ್ದರಿಂದ ಗಾಬರಿಯಾಗಬೇಡಿ, ಸಮಯವಿದೆ. ಇಲ್ಲಿ ನಾನು ಪಾಲಿಸುವುದು ಇಷ್ಟೇ: ವಸ್ತು ಮೊದಲು ಕೈಗೆ, ಹೆಸರು ಆಮೇಲೆ ಬಾಯಿಗೆ.

ಅವರೆಕಾಯಿ ಕಾಲದಲ್ಲಿ ನಿಮ್ಮ ಮನೆಯಲ್ಲೂ ಹಿತಕಿದ ಬೇಳೆ ಸಾರು ಮಾಡುತ್ತೀರಲ್ಲ, ಅದಕ್ಕಿಂತ ಒಳ್ಳೆಯ ಬೀಜದ ಪಾಠ ನನಗೆ ಗೊತ್ತಿಲ್ಲ. ನೆನೆಸಿದ ಕಾಳನ್ನು ಎರಡು ಬೆರಳ ಮಧ್ಯೆ ಒತ್ತಿದರೆ ಬೇಳೆ ಪುಳಕ್ ಅಂತ ಹೊರಗೆ ಬರುತ್ತದೆ. ಬೆರಳಲ್ಲಿ ಉಳಿದ ಸಿಪ್ಪೆ ಬೀಜದ ಹೊದಿಕೆ, ಸೀಡ್ ಕೋಟ್. ಬೇಳೆಯನ್ನು ಉಗುರಿನಿಂದ ಬಿಡಿಸಿದರೆ ಎರಡು ಹೋಳು, ಅವು ಬೀಜದಳ, ಕಾಟಿಲೆಡನ್. ಎರಡು ಹೋಳು ಕೂಡುವ ಜಾಗದಲ್ಲಿ ಸಣ್ಣ ಮೂತಿಯ ಹಾಗೆ ಒಂದು ಚೂರು ಅಂಟಿಕೊಂಡಿರುತ್ತದೆ. ಅದೇ ಮುಂದೆ ಗಿಡವಾಗುವ ಭ್ರೂಣ, ಎಂಬ್ರಿಯೊ. ಅಮ್ಮ ಕಾಳು ಹಿತಕುತ್ತಿರುವಾಗ ಪಕ್ಕದಲ್ಲಿ ಕೂತು ಹತ್ತು ಕಾಳು ಬಿಡಿಸಿ ಮೂರು ಗುಂಪು ಮಾಡಿದರೆ ಅದೇ ಹೋಂವರ್ಕ್. ಆಮೇಲೆ ಕಡಲೆಕಾಯಿ ಬೀಜ ಕೊಡಿ, ಅದೂ ಎರಡಾಗುತ್ತದೆ. ಮುಸುಕಿನ ಜೋಳದ ಕಾಳು ಕೊಡಿ, ಹಾಗೆ ಎರಡಾಗುವುದಿಲ್ಲ. ದ್ವಿದಳ, ಏಕದಳ ಅಂತ ಹೇಳುವುದಕ್ಕೆ ಅದು ಸರಿಯಾದ ಹೊತ್ತು. ಯಾವುದು ಹೌದು ಅಂತ ತೋರಿಸಿದಷ್ಟೇ ಯಾವುದು ಅಲ್ಲ ಅಂತ ತೋರಿಸುವುದೂ ಮುಖ್ಯ.

ರೇಷ್ಮೆ ಬೆಳೆಯುವ ನೆಂಟರಿದ್ದರೆ ಒಂದು ಗೂಡು ತರಿಸಿ. ಪ್ಯೂಪಾ ಅಂದರೆ ಗೂಡು ಅಂತಲೇ ಎಷ್ಟೋ ಮಕ್ಕಳು ತಿಳಿದಿರುತ್ತಾರೆ. ಚಾರ್ಟಿನಲ್ಲಿ ಬಾಣದ ಗುರುತು ಗೂಡಿಗೇ ಇರುತ್ತದೆ, ಅವರದೇನು ತಪ್ಪು? ಒಣಗಿದ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ. ಬ್ಲೇಡಿನಿಂದ ನೀವು ಕತ್ತರಿಸಿ ಕೊಟ್ಟರೆ ಕಂದು ಬಣ್ಣದ ಪ್ಯೂಪಾ, ಅಂದರೆ ಹುಳು ಪತಂಗವಾಗುವ ಮುಂಚಿನ ರೂಪ, ಬೀಳುತ್ತದೆ, ಪಕ್ಕದಲ್ಲೇ ಹುಳು ಕೊನೆಯದಾಗಿ ಬಿಟ್ಟ ಚರ್ಮ ಮುದ್ದೆಯಾಗಿರುತ್ತದೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು (ಸೊಪ್ಪು ತಿನ್ನದೆ ಅಲ್ಲಾಡದೆ ಕೂತು) ಚರ್ಮ ಬಿಡುತ್ತದೆ ಅಂತ ನಮ್ಮ ಕಡೆಯ ಮಕ್ಕಳು ನನಗೇ ಹೇಳುತ್ತಾರೆ. ಅದಕ್ಕೆ ಪುಸ್ತಕದಲ್ಲಿ ಮೋಲ್ಟಿಂಗ್ ಅಂತ ಹೆಸರು.

ಚಾರ್ಟು ಅಂದೆನಲ್ಲ, ಅಂಗಡಿಯಲ್ಲಿ ಚಿತ್ರ ಕೊಂಡು ಅಪ್ಪ ಕತ್ತರಿಸಿ ಅಮ್ಮ ಅಂಟಿಸುವ ಪ್ರಾಜೆಕ್ಟುಗಳಿಂದ ಮಗುವಿಗೆ ಬರುವುದು ಗೋಂದಿನ ವಾಸನೆ ಮಾತ್ರ. ಶಾಲೆ ಕೇಳಿದರೆ ಮಾಡಿ, ಅದಕ್ಕಾಗಿ ಭಾನುವಾರ ಹಾಳು ಮಾಡಬೇಡಿ.

ಪದ ಮರೆತು ಹೋಗುತ್ತದೆ ಅಂದಿದ್ದೀರಿ. ಹಳೆಯ ಮದುವೆ ಪತ್ರಿಕೆಗಳನ್ನು ಇಸ್ಪೀಟ್ ಎಲೆಯಷ್ಟು ಅಗಲಕ್ಕೆ ಕತ್ತರಿಸಿ. ಖಾಲಿ ಕಡೆ ಪದ, ಹಿಂದೆ ಬಿಳಿ ಹಾಳೆ ಅಂಟಿಸಿ ಅವಳೇ ಬರೆದ ಚಿತ್ರ. ಅರ್ಥ ಬರೆಸಬೇಡಿ. ವಾರಕ್ಕೆ ಐದಾರು ಪದ ಸಾಕು. ಇವತ್ತು ಕೇಳಿದ್ದನ್ನು ಮೂರ್ನಾಲ್ಕು ದಿನ ಬಿಟ್ಟು ಕೇಳಿ, ಮತ್ತೆ ಎರಡು ವಾರ ಬಿಟ್ಟು ಕೇಳಿ. ಒಂದೇ ದಿನ ಹತ್ತು ಸಲ ಕೇಳುವುದಕ್ಕಿಂತ ಹೀಗೆ ಬಿಟ್ಟು ಬಿಟ್ಟು ಕೇಳಿದರೆ ಜಾಸ್ತಿ ಉಳಿಯುತ್ತದೆ. ಇದು ಕಲಿಕೆಯ ಬಗ್ಗೆ ಚೆನ್ನಾಗಿ ಪರೀಕ್ಷೆಯಾಗಿರುವ ಸಂಗತಿ.

ಶಾಲೆಯ ಐದು ಸಲ ಬರೆಯುವ ಹೋಂವರ್ಕ್ ಏನು ಮಾಡುವುದು? ಬರೆಯಲಿ. ಸ್ಪೆಲಿಂಗ್‌ಗೆ ಅಷ್ಟಾದರೂ ಉಪಯೋಗ ಇದೆ, ಮಗುವನ್ನು ಟೀಚರ್ ಎದುರು ನಿಲ್ಲಿಸಿ ಜಗಳಕ್ಕೆ ಹೋಗಬೇಡಿ. ಆದರೆ ಪಾಲಕರ ಸಭೆಯಲ್ಲಿ ಮೆಲ್ಲಗೆ ಮಾತು ತೆಗೆಯಬಹುದು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಪ್ರಕಾರ 2ನೇ ತರಗತಿವರೆಗೆ ಹೋಂವರ್ಕೇ ಬೇಡ, 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸಾಧ್ಯವಾದ ಕಡೆ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ತೆಲುಗಿನಲ್ಲಿ ವಿವರಿಸಿದರೆ ಇಂಗ್ಲಿಷ್ ಕೆಟ್ಟುಹೋಗುತ್ತದೆ ಅಂತ ಯಾರಾದರೂ ಹೆದರಿಸಿದರೆ ಇದನ್ನು ಹೇಳಿ.

ಟ್ಯೂಷನ್ ವಿಷಯ. ನನ್ನ ಮಟ್ಟಿಗೆ ಬೇಡ. 4ನೇ ತರಗತಿಯ ಟ್ಯೂಷನ್‌ಗಳಲ್ಲಿ ಸಾಮಾನ್ಯವಾಗಿ ಅದೇ ಹೋಂವರ್ಕ್ ಮುಗಿಸಿ ಕಳಿಸುತ್ತಾರೆ, ಅಷ್ಟೇ. ಆ ದುಡ್ಡಿನಲ್ಲಿ ಒಂದು ಅಳತೆ ಟೇಪು, ಮಿಲಿಲೀಟರ್ ಗೆರೆ ಇರುವ ಒಂದು ಜಗ್ಗು, ಸಣ್ಣದೊಂದು ತಕ್ಕಡಿ ತಂದುಕೊಡಿ. ಒಂದನ್ನು ಮಾತ್ರ ನೋಡಿಕೊಳ್ಳಿ: ಲೆಕ್ಕದ ವಾಕ್ಯವನ್ನು ನೀವು ಓದಿ ಹೇಳಿದರೆ ಅವಳು ಮಾಡುತ್ತಾಳಾ? ಮಾಡಿದರೆ ಕಷ್ಟ ಇರುವುದು ಓದುವುದರಲ್ಲಿ, ಗಣಿತದಲ್ಲಿ ಅಲ್ಲ. ಆಗ ಪದದ ಕಾರ್ಡು ಪಕ್ಕಕ್ಕಿಟ್ಟು ದಿನಾ ಹತ್ತು ನಿಮಿಷ ಸುಲಭದ ಇಂಗ್ಲಿಷ್ ಕಥೆ ಜೋರಾಗಿ ಓದಿಸಿ, ತರಗತಿಯ ಟೀಚರ್‌ಗೂ ಈ ವಿಷಯ ತಿಳಿಸಿ.