ಕಚೇರಿಗೆ ಸ್ವಂತ ವಿಪಿಎನ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಆರು ಜನರ ಕಚೇರಿ. ಮನೆಯಿಂದ ಕೆಲಸ ಮಾಡುವವರಿಗಾಗಿ ರೌಟರ್‌ನಲ್ಲಿ 3389 ಪೋರ್ಟ್ ತೆರೆದು ರಿಮೋಟ್ ಡೆಸ್ಕ್‌ಟಾಪ್ ಬಳಸುತ್ತಿದ್ದೇವೆ. ಇದರ ಬದಲು ಸ್ವಂತ ವಿಪಿಎನ್ (ಇಂಟರ್ನೆಟ್ ಮೂಲಕವೇ ಕಚೇರಿಯ ಜಾಲಕ್ಕೆ ಗೂಢಲಿಪಿಯ ಖಾಸಗಿ ದಾರಿ) ಹಾಕಿಕೊಳ್ಳಲು ಏನೇನು ಬೇಕು?

ಉತ್ತರ: ಮೊದಲು ಆ ಪೋರ್ಟ್ ಮುಚ್ಚಿ, ಉಳಿದದ್ದು ಆಮೇಲೆ. ಹಾಗೆ ತೆರೆದಿಟ್ಟ ಪೋರ್ಟನ್ನು ಹುಡುಕುವ ತಂತ್ರಾಂಶಗಳು ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ತಡಕಾಡುತ್ತಿರುತ್ತವೆ. ಆರು ಜನರಲ್ಲಿ ಒಬ್ಬರ ಪಾಸ್‌ವರ್ಡ್ ಸಡಿಲವಾಗಿದ್ದರೂ ಇಡೀ ಕಚೇರಿಯ ಫೈಲುಗಳು ರ್‍ಯಾನ್ಸಮ್‌ವೇರ್ ಪಾಲಾಗಬಹುದು.

ಬೇಕಾದದ್ದು ಮೂರೇ: ಸದಾ ಚಾಲೂ ಇರುವ ಒಂದು ಲಿನಕ್ಸ್ ಯಂತ್ರ (ರಾಸ್ಪ್‌ಬೆರಿ ಪೈ 4 ಕೂಡ ಸಾಕು), ಹೊರಗಿನಿಂದ ತಲುಪಬಹುದಾದ ಐಪಿ ವಿಳಾಸ, ರೌಟರ್‌ನ ಅಡ್ಮಿನ್ ಪಾಸ್‌ವರ್ಡ್. ತಂತ್ರಾಂಶ ವೈರ್‌ಗಾರ್ಡ್ ಇರಲಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ, 2020ರಲ್ಲಿ ಬಂದ ಅದರ 5.6ನೇ ಆವೃತ್ತಿಯಿಂದ, ವೈರ್‌ಗಾರ್ಡ್ ಇದೆ. ಸರಿಯಾದ ಕೀಲಿ (ಗೂಢಲಿಪಿಯ ಸಂಕೇತ) ಗೊತ್ತಿಲ್ಲದವರು ಕಳಿಸಿದ ಪ್ಯಾಕೆಟ್‌ಗೆ (ಮಾಹಿತಿಯ ತುಣುಕಿಗೆ) ಅದು ಉತ್ತರವನ್ನೇ ಕೊಡುವುದಿಲ್ಲ. ಹೀಗಾಗಿ ಪೋರ್ಟ್ ತಡಕುವವರಿಗೆ ಅಲ್ಲೊಂದು ಸೇವೆ ಇದೆ ಎಂಬ ಸುಳಿವೂ ಸಿಗದು.

ಲಿನಕ್ಸ್ ಯಂತ್ರಕ್ಕೆ ಕಚೇರಿಯ ಜಾಲದಲ್ಲಿ ಬದಲಾಗದ ವಿಳಾಸ ಕೊಡಿ, ಉದಾಹರಣೆಗೆ 192.168.1.10. ವಿಪಿಎನ್‌ಗೆಂದೇ ಬೇರೆ ಶ್ರೇಣಿ ಆರಿಸಿ: 10.44.7.0/24, ಅಂದರೆ 10.44.7 ಎಂದು ಶುರುವಾಗುವ ವಿಳಾಸಗಳೆಲ್ಲ. ಅದರಲ್ಲಿ ಸರ್ವರ್‌ಗೆ 10.44.7.1, ಲ್ಯಾಪ್‌ಟಾಪ್‌ಗಳಿಗೆ .2, .3 ಹೀಗೆ. ಪ್ರತಿ ಯಂತ್ರವೂ ತನ್ನ ಜೋಡಿ ಕೀಲಿಗಳನ್ನು ತಾನೇ ತಯಾರಿಸಬೇಕು. ಖಾಸಗಿ ಕೀಲಿ ಆ ಯಂತ್ರ ಬಿಟ್ಟು ಹೊರಗೆ ಹೋಗಬಾರದು, ಇಮೇಲ್‌ನಲ್ಲಂತೂ ಹೋಗಲೇಬಾರದು. ಬದಲಾಯಿಸಿಕೊಳ್ಳುವುದು ಸಾರ್ವಜನಿಕ ಕೀಲಿಯನ್ನು ಮಾತ್ರ. ಸರ್ವರ್‌ನ ಸಂರಚನೆಯ ಫೈಲಿಗೆ 600 ಅನುಮತಿ ಇಟ್ಟು, ರೂಟ್ (ಆ ಯಂತ್ರದ ಅಡ್ಮಿನ್) ಬಿಟ್ಟು ಬೇರೆ ಯಾರೂ ಓದದಂತೆ ಮಾಡಿ. ನಂತರ ರೌಟರ್‌ನಲ್ಲಿ 51820 ಪೋರ್ಟನ್ನು 192.168.1.10ಕ್ಕೆ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಆ ಪೋರ್ಟಿಗೆ ಬಂದದ್ದು ಲಿನಕ್ಸ್ ಯಂತ್ರಕ್ಕೆ ಹೋಗಲಿ. ಮಾಹಿತಿ ಸಾಗಿಸುವ ಎರಡು ಬಗೆಗಳಾದ ಯುಡಿಪಿ, ಟಿಸಿಪಿಗಳಲ್ಲಿ ಅದು ಯುಡಿಪಿ ಆಗಿರಬೇಕು. ರೌಟರ್‌ನ ಪಟ್ಟಿಯಲ್ಲಿ ಟಿಸಿಪಿ ಮೊದಲೇ ಆಯ್ಕೆಯಾಗಿರುವುದುಂಟು. ಅದನ್ನು ಹಾಗೇ ಬಿಟ್ಟರೆ ಸಂಪರ್ಕ ಸಿಗುವುದೇ ಇಲ್ಲ, ದೋಷದ ಸಂದೇಶವೂ ಬರುವುದಿಲ್ಲ.

ಪ್ರಶ್ನೆ: ಪೋರ್ಟ್ ಫಾರ್ವರ್ಡ್ ಸರಿಯಾಗಿಯೇ ಮಾಡಿದ್ದೇವೆ. ಆದರೂ ಹೊರಗಿನಿಂದ ಸಂಪರ್ಕ ಸಿಗುತ್ತಿಲ್ಲ. ರೌಟರ್‌ನ ಸ್ಟೇಟಸ್ ಪುಟದಲ್ಲಿ 100.72 ಎಂದು ಶುರುವಾಗುವ ವಿಳಾಸ ಕಾಣುತ್ತದೆ.

ಉತ್ತರ: ಉತ್ತರ ಆ ವಿಳಾಸದಲ್ಲೇ ಇದೆ. 100.64ರಿಂದ 100.127ರವರೆಗಿನ ಶ್ರೇಣಿ ಸೇವಾದಾತರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವಾಗ ಬಳಸುವಂಥದ್ದು. ಹೊರಗಿನಿಂದ ಬಂದ ಪ್ಯಾಕೆಟ್ ಅವರ ಉಪಕರಣದಲ್ಲೇ ನಿಂತುಬಿಡುತ್ತದೆ, ನಿಮ್ಮ ರೌಟರ್ ಮುಟ್ಟುವುದೇ ಇಲ್ಲ.

ಸೇವಾದಾತರಿಂದ ಸ್ಥಿರ ಸಾರ್ವಜನಿಕ ಐಪಿ ಪಡೆಯುವುದು ಸರಳ ದಾರಿ. ಅದು ಆಗದಿದ್ದರೆ ಸಾರ್ವಜನಿಕ ಐಪಿ ಇರುವ ಚಿಕ್ಕ ಕ್ಲೌಡ್ ಸರ್ವರ್ ಒಂದನ್ನು ಬಾಡಿಗೆಗೆ ಪಡೆದು ಅದನ್ನೇ ಕೇಂದ್ರ ಮಾಡಿ. ಕಚೇರಿಯ ಲಿನಕ್ಸ್ ಯಂತ್ರವೂ ಲ್ಯಾಪ್‌ಟಾಪ್‌ಗಳೂ ಅಲ್ಲಿಗೆ ಸಂಪರ್ಕಿಸಲಿ. ಆಗ ಕಚೇರಿಯ ಯಂತ್ರದಲ್ಲಿ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' (ಆಗಾಗ ಖಾಲಿ ಪ್ಯಾಕೆಟ್ ಕಳಿಸುವ ಆಯ್ಕೆ) 25 ಸೆಕೆಂಡ್ ಇಡಲೇಬೇಕು. ಇಲ್ಲವಾದರೆ ನಡುವಿನ ಉಪಕರಣಗಳು ಸುಮ್ಮನಿರುವ ಸಂಪರ್ಕವನ್ನು ಮರೆತುಬಿಡುತ್ತವೆ. ಒಂದು ಎಚ್ಚರಿಕೆ: ಈ ಜೋಡಣೆಯಲ್ಲಿ ಮಾಹಿತಿ ಕ್ಲೌಡ್ ಸರ್ವರ್‌ನಲ್ಲಿ ಒಮ್ಮೆ ಬಿಚ್ಚಿಕೊಂಡು ಮತ್ತೆ ಗೂಢಲಿಪಿಯಾಗುತ್ತದೆ. ಆ ಸರ್ವರ್‌ನ ಭದ್ರತೆಯೂ ಈಗ ನಿಮ್ಮದೇ ಹೊಣೆ.

ಪ್ರಶ್ನೆ: ಹ್ಯಾಂಡ್‌ಶೇಕ್ (ಎರಡೂ ಯಂತ್ರಗಳು ಕೀಲಿ ನೋಡಿ ಪರಸ್ಪರ ಗುರುತಿಸುವುದು) ಆಗಿದೆ ಎಂದು ತೋರಿಸುತ್ತದೆ. 10.44.7.1ಕ್ಕೆ ಪಿಂಗ್ ಕೂಡ ಹೋಗುತ್ತದೆ. ಆದರೆ ಕಚೇರಿಯ ಫೈಲ್ ಸರ್ವರ್ ಮಾತ್ರ ತೆರೆಯುವುದಿಲ್ಲ.

ಉತ್ತರ: ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹ್ಯಾಂಡ್‌ಶೇಕ್ ಆಗಿದ್ದರೆ ಕೀಲಿ, ಪೋರ್ಟ್ ಎರಡೂ ಸರಿ ಇವೆ ಎಂದರ್ಥ. ಅವನ್ನು ಮತ್ತೆ ಕೆದಕಬೇಡಿ. ತೊಂದರೆ ಇರುವುದು ಮಾರ್ಗದಲ್ಲಿ.

ಮೊದಲು ಲ್ಯಾಪ್‌ಟಾಪ್ ನೋಡಿ. ಅಲ್ಲಿನ 'ಅಲೋಡ್ ಐಪೀಸ್' ಸಾಲಿನಲ್ಲಿ 10.44.7.0/24 ಜೊತೆಗೆ ಕಚೇರಿಯ 192.168.1.0/24 ಕೂಡ ಇರಬೇಕು. ಈ ಸಾಲಿಗೆ ಎರಡು ಕೆಲಸ: ಯಾವ ವಿಳಾಸಕ್ಕೆ ಹೋಗುವುದನ್ನು ಟನಲ್‌ಗೆ (ವಿಪಿಎನ್ ದಾರಿಗೆ) ಹಾಕಬೇಕು ಎಂಬುದನ್ನೂ, ಆ ಕಡೆಯಿಂದ ಯಾವ ವಿಳಾಸದ ಹೆಸರಲ್ಲಿ ಬಂದದ್ದನ್ನು ಒಪ್ಪಬೇಕು ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಆದ್ದರಿಂದ ಸರ್ವರ್‌ನಲ್ಲಿ ಪ್ರತಿ ಲ್ಯಾಪ್‌ಟಾಪ್‌ಗೆ ಅದರ ಒಂದೇ ವಿಳಾಸ, 10.44.7.2/32 ಎಂಬಂತೆ, ಬರೆಯಿರಿ. ಅಲ್ಲಿ ಇಬ್ಬರಿಗೆ ಒಂದೇ ಶ್ರೇಣಿ ಬರೆದರೆ ಕೊನೆಯವರಿಗಷ್ಟೇ ಅದು ದಕ್ಕುತ್ತದೆ, ಮೊದಲಿನವರ ಸಂಪರ್ಕ ಸದ್ದಿಲ್ಲದೆ ಸಾಯುತ್ತದೆ.

ಮುಂದೆ, ಲಿನಕ್ಸ್ ಯಂತ್ರದಲ್ಲಿ ಐಪಿ ಫಾರ್ವರ್ಡಿಂಗ್ 1 ಆಗಿದೆಯೇ ನೋಡಿ. ಅದು 0 ಇದ್ದರೆ ಪ್ಯಾಕೆಟ್ ಆ ಯಂತ್ರ ದಾಟುವುದಿಲ್ಲ, ನಿಮ್ಮಲ್ಲಿ 10.44.7.1 ಮಾತ್ರ ಸಿಗುತ್ತಿರುವುದು ಹೀಗೂ ಆಗಿರಬಹುದು. ಫೈರ್‌ವಾಲ್‌ನ ಫಾರ್ವರ್ಡ್ ನಿಯಮವನ್ನೂ ಆಗಲೇ ನೋಡಿಕೊಳ್ಳಿ.

ಬಹಳ ಜನ ಮರೆಯುವುದು ವಾಪಸು ದಾರಿಯನ್ನು. ಫೈಲ್ ಸರ್ವರ್‌ಗೆ 10.44.7.2 ಯಾರೆಂದು ಗೊತ್ತಿಲ್ಲ, ಉತ್ತರವನ್ನು ರೌಟರ್‌ಗೆ ಕಳಿಸುತ್ತದೆ. ರೌಟರ್‌ಗೂ ಗೊತ್ತಿಲ್ಲ. ಅದಕ್ಕೆ ರೌಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ ಹಾಕಿ: 10.44.7.0/24ಕ್ಕೆ ದಾರಿ 192.168.1.10. ಇಷ್ಟಾದರೂ ವಿಂಡೋಸ್ ಫೈಲ್ ಸರ್ವರ್ ಬಾಗಿಲು ತೆರೆಯದೆ ಇರಬಹುದು. ಏಕೆಂದರೆ ಅದರ ಫೈರ್‌ವಾಲ್ ಸಾಮಾನ್ಯವಾಗಿ ಫೈಲ್ ಹಂಚಿಕೆಯನ್ನು ಸ್ಥಳೀಯ ಜಾಲದವರಿಗಷ್ಟೇ ಬಿಡುತ್ತದೆ, 10.44.7.0/24ನ್ನು ಆ ನಿಯಮಕ್ಕೆ ಸೇರಿಸಿ. ಲಿನಕ್ಸ್ ಯಂತ್ರದಲ್ಲಿ ಮಾಸ್ಕರೇಡ್ (ಹಾದುಹೋಗುವ ಪ್ಯಾಕೆಟ್‌ಗೆ ತನ್ನದೇ ವಿಳಾಸ ಹಚ್ಚುವುದು) ಹಾಕಿದರೆ ಇವೆರಡೂ ಬೇಕಿಲ್ಲ ನಿಜ, ಆದರೆ ಎಲ್ಲರೂ 192.168.1.10 ಎಂದೇ ಲಾಗ್‌ನಲ್ಲಿ ಕಾಣುತ್ತಾರೆ. ಯಾವ ಫೈಲನ್ನು ಯಾರು ತೆರೆದರು ಎಂದು ತಿಳಿಯಬೇಕಾದ ಕಚೇರಿಗೆ ನಾವು ಸ್ಟ್ಯಾಟಿಕ್ ರೂಟನ್ನೇ ಹೇಳುತ್ತೇವೆ.

ಒಬ್ಬರಿಗೆ ಸರಿಯಾಗಿ ನಡೆದು ಇನ್ನೊಬ್ಬರಿಗೆ ನಡೆಯದಿದ್ದರೆ, ಆ ಇನ್ನೊಬ್ಬರ ಮನೆಯ ಜಾಲವೂ 192.168.1 ಆಗಿರುವ ಸಾಧ್ಯತೆ ಹೆಚ್ಚು. ಲ್ಯಾಪ್‌ಟಾಪ್ ಫೈಲ್ ಸರ್ವರನ್ನು ಮನೆಯೊಳಗೇ ಹುಡುಕುತ್ತಿರುತ್ತದೆ. ಒಬ್ಬೊಬ್ಬರ ಮನೆಯ ರೌಟರ್ ಬದಲಿಸುತ್ತ ಕೂರುವ ಬದಲು ಒಂದು ರಜಾದಿನ ಕಚೇರಿಯ ಶ್ರೇಣಿಯನ್ನೇ 10.61.20.0/24 ಥರದ ಅಪರೂಪದ್ದಕ್ಕೆ ಬದಲಿಸಿಬಿಡಿ.

ಪ್ರಶ್ನೆ: ಎಲ್ಲರಿಗೂ ಒಂದೇ ಸಂರಚನೆ ಫೈಲ್ ಕೊಟ್ಟರೆ ಆಗದೇ?

ಉತ್ತರ: ಖಂಡಿತ ಬೇಡ. ಒಂದೇ ಕೀಲಿಯಲ್ಲಿ ಇಬ್ಬರು ಒಟ್ಟಿಗೆ ಬಂದರೆ ಸರ್ವರ್ ಕೊನೆಗೆ ಮಾತಾಡಿದವರ ಕಡೆಗೆ ತಿರುಗುತ್ತಿರುತ್ತದೆ. ಇಬ್ಬರಿಗೂ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಅದಕ್ಕಿಂತ ಮುಖ್ಯ ಕಾರಣ, ಲ್ಯಾಪ್‌ಟಾಪ್ ಕಳೆದ ದಿನ ಆ ಒಂದು ಕೀಲಿಯನ್ನಷ್ಟೇ ಅಳಿಸಿ ಸುಮ್ಮನಿರುವಂತಿರಬೇಕು. ಅಳಿಸುವಾಗ ಚಾಲ್ತಿಯಲ್ಲಿರುವ ಸಂಪರ್ಕದಿಂದಲೂ ಫೈಲಿನಿಂದಲೂ ತೆಗೆಯಿರಿ. ಫೈಲಿನಲ್ಲಿ ಉಳಿದರೆ ಯಂತ್ರ ಮರುಚಾಲೂ ಆದಾಗ ಆ ಕೀಲಿ ಮತ್ತೆ ಜೀವ ಪಡೆಯುತ್ತದೆ. ವೈರ್‌ಗಾರ್ಡ್ ಪಾಸ್‌ವರ್ಡ್ ಕೇಳುವುದಿಲ್ಲ, ಹಾಗಾಗಿ ಫೈಲ್ ಸರ್ವರ್‌ನ ಪಾಸ್‌ವರ್ಡ್ ತೆಗೆಯಬೇಡಿ. ಲ್ಯಾಪ್‌ಟಾಪ್‌ನ ಡಿಸ್ಕ್ ಕೂಡ ಗೂಢಲಿಪಿಯಲ್ಲಿರಲಿ.

ಪ್ರಶ್ನೆ: ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಲಾಗಿನ್ ಆಗುತ್ತದೆ, ಫೋಲ್ಡರ್ ಕಾಣುತ್ತದೆ, ದೊಡ್ಡ ಫೈಲ್ ತೆರೆದ ಕೂಡಲೇ ನಿಂತುಹೋಗುತ್ತದೆ.

ಉತ್ತರ: ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ಇರಬಹುದು ಎಂಬ ಮಿತಿ, ಅದರ ಸಮಸ್ಯೆಯ ಲಕ್ಷಣ ಇದು. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಡುತ್ತದೆ, ಅಂದರೆ 1500ರಲ್ಲಿ ತನ್ನ ಹೊದಿಕೆಗೆ 80 ಬೈಟ್ ಕಳೆದು. ದಾರಿಯಲ್ಲಿ ಎಲ್ಲಾದರೂ ಮಿತಿ ಇನ್ನೂ ಕಡಿಮೆ ಇದ್ದರೆ ಚಿಕ್ಕ ಪ್ಯಾಕೆಟ್ ದಾಟುತ್ತದೆ, ತುಂಬಿದ ಪ್ಯಾಕೆಟ್ ಬಿದ್ದುಹೋಗುತ್ತದೆ. ಲ್ಯಾಪ್‌ಟಾಪ್, ಸರ್ವರ್ ಎರಡರಲ್ಲೂ ಎಂಟಿಯು 1280 ಎಂದು ಬರೆದು ಟನಲ್ ಮತ್ತೆ ಶುರುಮಾಡಿ. ಫೈಲ್ ತೆರೆದರೆ ಕಾರಣ ಅದೇ. ಆಮೇಲೆ 20ರಂತೆ ಏರಿಸುತ್ತ ಹೋಗಿ, ನಿಲ್ಲುವ ಮೊದಲಿನ ಅಂಕಿಯಲ್ಲಿ ಬಿಡಿ.