ನೆಲ್ಲಿಕಾಯಿ ರಸ ಮತ್ತು ಇಳಿಯುವ ಕರೆಂಟ್

ಪ್ರಶ್ನೆ: ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ಕೊಳವೆಗಳು) ಲೇಪಿಸಿದ ಗ್ಲಾಸಿ ಕಾರ್ಬನ್ (ಗಾಜಿನಂಥ ಇಂಗಾಲ) ಎಲೆಕ್ಟ್ರೋಡ್‌ನಿಂದ ನೆಲ್ಲಿಕಾಯಿ ರಸದ ವಿಟಮಿನ್ ಸಿ ಅಳೆಯುತ್ತಿದ್ದೇವೆ. ವಿಟಮಿನ್ ಉತ್ಕರ್ಷಣೆಗೊಳ್ಳುವಾಗ ಹರಿಯುವ ಕರೆಂಟ್ ಪ್ರತಿ ಸಲವೂ ಕಡಿಮೆಯಾಗುತ್ತದೆ. ಏಕೆ?

ಉತ್ತರ: ಮೊದಲು ತಪ್ಪು ಎಲೆಕ್ಟ್ರೋಡ್‌ನದೋ ರಸದ್ದೋ ನೋಡಿ. ರಸ ಅಳೆದ ಕೂಡಲೇ ಅದೇ ಎಲೆಕ್ಟ್ರೋಡನ್ನು ತೊಳೆದು, ಆಗಷ್ಟೇ ಕರಗಿಸಿದ ಶುದ್ಧ ಆಸ್ಕಾರ್ಬಿಕ್ ಆಮ್ಲದಲ್ಲಿ (ಅಂದರೆ ವಿಟಮಿನ್ ಸಿ) ಅಳೆಯಿರಿ. ಅಲ್ಲೂ ಕರೆಂಟ್ ಕಡಿಮೆಯಿದ್ದರೆ ರಸದ ಒಗರು ವಸ್ತುಗಳಾದ ಟ್ಯಾನಿನ್‌ಗಳು ಉತ್ಕರ್ಷಣೆಗೊಂಡು ಮೇಲ್ಮೈಗೆ ಅಂಟಿಕೊಂಡಿವೆ. ಲೇಪ ಕಿತ್ತು, 0.05 ಮೈಕ್ರಾನ್ ಅಲ್ಯುಮಿನಾದಲ್ಲಿ ಉಜ್ಜಿ ಹೊಸದಾಗಿ ಹಚ್ಚಿ. ಎಲೆಕ್ಟ್ರೋಡಿನ 3 ಮಿ.ಮೀ. ತಟ್ಟೆಗೆ ನ್ಯಾನೋಟ್ಯೂಬ್ ಬೆರೆಸಿದ ದ್ರವ ಸುಮಾರು 5 ಮೈಕ್ರೋಲೀಟರ್ ಸಾಕು. ಪದರ ದಪ್ಪವಾದರೆ ಒಣಗುವಾಗ ಬಿರುಕು ಬಿಟ್ಟು ಕಳಚುತ್ತದೆ.

ಶುದ್ಧ ದ್ರಾವಣ ಸರಿಯಾಗಿದ್ದರೆ ಗಾಳಿಯೇ ಕಾರಣ: ಆಮ್ಲೀಯತೆಯನ್ನು ಸ್ಥಿರವಾಗಿಡುವ ಪಿಎಚ್ 7ರ ದ್ರಾವಣವಾದ ಬಫರ್‌ನಲ್ಲಿ ವಿಟಮಿನ್ ಸಿ ಬೇಗ ನಶಿಸುತ್ತದೆ, ತಾಮ್ರದ ಸೋಂಕಿದ್ದರೆ ಇನ್ನೂ ಬೇಗ. ಅಳೆಯುವ ಹೊತ್ತಿಗೇ ಬಫರ್‌ಗೆ ಬೆರೆಸಿ, ಸಾರಜನಕ ಹಾಯಿಸಿ.

ರಸದಲ್ಲೇ ಇರುವ ಇನ್ನೊಂದು ವಸ್ತು ಗ್ಯಾಲಿಕ್ ಆಮ್ಲದ ಶಿಖರವನ್ನು (ಕರೆಂಟ್ ನಕ್ಷೆಯ ಉಬ್ಬನ್ನು) ವಿಟಮಿನ್‌ನದೆಂದು ಓದುವುದು ನಿಜಕ್ಕೂ ಅಪಾಯಕಾರಿ ತಪ್ಪು. ರಸವನ್ನು ನೂರು ಪಟ್ಟು ತೆಳುವಾಗಿಸಿ, ಅದಕ್ಕೇ ತಿಳಿದ ಪ್ರಮಾಣದ ಆಸ್ಕಾರ್ಬಿಕ್ ಆಮ್ಲವನ್ನು ಮೂರು ಸಲ ಸೇರಿಸಿ. ಯಾವ ಶಿಖರ ಬೆಳೆಯುತ್ತದೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.